ಗಡಿ ದಾಟಿದ ಕೆಂಪು ಕಾಳು

ಮಾರ್ಚ್ ೪

ಅತ್ತಿಗೆಯವರಿಗೆ,

ನಮಸ್ಕಾರ. ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರದ್ದೆಂದು ನಿಮಗೆ ಗೊತ್ತಾಗಿರುತ್ತದೆ. ಅಣ್ಣ ನನ್ನ ಬರಹವನ್ನು ‘ಇರುವೆ ಮೆರವಣಿಗೆ’ ಎಂದು ಆಡಿಕೊಳ್ಳುತ್ತಿದ್ದ. ಒಡೆಯದೆ ಪಕ್ಕಕ್ಕಿಟ್ಟರೂ ನಾನು ತಪ್ಪು ತಿಳಿಯುವುದಿಲ್ಲ. ಅಣ್ಣ ತೀರಿಕೊಂಡ ವರ್ಷ ನೀವು ಮಗುವನ್ನು ಕರೆದುಕೊಂಡು ಗಡಿಯಾಚೆಯ ತವರಿಗೆ ಹೊರಟ ಮೇಲೆ ನಮ್ಮ ಮನೆಯಿಂದ ನಿಮಗೆ ಒಂದು ಸಾಲೂ ಬಂದಿಲ್ಲ. ಎಂಟು ವರ್ಷದ ಮೇಲೆ ಬರುತ್ತಿರುವುದೂ ಕೇಳಿಕೊಳ್ಳುವುದಕ್ಕೇ. ಗರಜು ಬಿದ್ದಾಗ ನೆಂಟಸ್ತನ ನೆನಪಾಯಿತು ಅಂದುಕೊಳ್ಳುತ್ತೀರಿ. ಅಂದುಕೊಳ್ಳಿ, ಸುಳ್ಳಲ್ಲ.

ನಮ್ಮ ತೊಟ್ಟಿಯ ಕೆಂಪು ಕಾಳುಗಳು ಸತ್ತುಹೋದವು.

ಹೋದ ತಿಂಗಳು ಯಾರೋ ಬಣ್ಣದ ಕಾರ್ಖಾನೆಯ ರಾಸಾಯನಿಕವನ್ನು ಚರಂಡಿಗೆ ಸುರಿದರು. ಯಾರೆಂದು ಇನ್ನೂ ತಿಳಿದಿಲ್ಲ. ಬೆಳಿಗ್ಗೆ ನಾನು ಕೊಳಚೆ ನೀರು ಶುದ್ಧ ಮಾಡುವ ಘಟಕಕ್ಕೆ ಹೋಗುವಷ್ಟರಲ್ಲಿ ತೊಟ್ಟಿಯಲ್ಲಿ ಗುಳ್ಳೆ ಏಳುವುದು ನಿಂತಿತ್ತು. ಮರುದಿನ ಕಾಳು ಕಂದು ಬಣ್ಣಕ್ಕೆ ತಿರುಗಿದವು, ವಾರದಲ್ಲಿ ಕಪ್ಪಾದವು. ನೀವೂ ಅಣ್ಣನೂ ಸಾಸಿವೆಯಷ್ಟಿದ್ದುದನ್ನು ತೊಟ್ಟಿ ತುಂಬ ಬೆಳೆಸಲು ಎಷ್ಟು ವರ್ಷ ತೆಗೆದುಕೊಂಡಿರಿ ಎಂದು ನಿಮಗೇ ಗೊತ್ತು. ಮಿಕ್ಕ ಸೂಕ್ಷ್ಮಜೀವಿಗಳು ಅರ್ಧ ಗಂಟೆಗೆ ಎರಡಾಗುತ್ತವೆ, ಕಾಳಿನೊಳಗಿನ ಇವು ವಾರಗಟ್ಟಲೆ ಯೋಚನೆ ಮಾಡುತ್ತವೆ ಎಂದು ನೀವೇ ನಗುತ್ತಿದ್ದಿರಿ.

ಈಗ ಊರಿನ ಕೊಳಚೆ ನೀರಿನಲ್ಲಿರುವ ಅಮೋನಿಯಾವನ್ನು ತಿನ್ನುವವರಿಲ್ಲ. ಆ ನೀರನ್ನು ಇಂಗುಕೊಳಕ್ಕೆ ಬಿಟ್ಟರೆ ನೆಲದಡಿಯಲ್ಲಿ ನೈಟ್ರೇಟ್ ಆಗಿ ಬಾವಿಗಳಿಗೆ ಇಳಿಯುತ್ತದೆ. ಬಿಡದಿದ್ದರೆ ಬಾವಿಗಳೇ ಒಣಗುತ್ತವೆ, ಮಳೆ ಬಂದು ಮೂರನೇ ವರ್ಷ. ಅರ್ಧ ಬಿಡುತ್ತಿದ್ದೇವೆ, ಅರ್ಧ ತಡೆಯುತ್ತಿದ್ದೇವೆ. ಎರಡೂ ತಪ್ಪೇ.

ನೀವು ಹೊರಡುವಾಗ ಒಪ್ಪಂದದ ಪ್ರಕಾರ ಒಂದು ಡಬ್ಬಿ ಕಾಳು ತೆಗೆದುಕೊಂಡು ಹೋಗಿದ್ದಿರಿ. ಅದರಿಂದ ನಿಮ್ಮ ಊರಿನ ತೊಟ್ಟಿ ತುಂಬಿದೆ ಎಂದು ಕೊಡೆ ಮೇಷ್ಟ್ರು ತಿಳಿಸಿದರು. ಅವರು ಹಾಗೇ ಇದ್ದಾರೆ. ಮಳೆಯೇ ಇಲ್ಲದ ನಮ್ಮಂಥ ಊರುಗಳಿಗೆ ಅಷ್ಟು ದೂರದ ದೇಶದಿಂದ ನೀರಿನ ಸಂಶೋಧನೆಗೆಂದು ಕೊಡೆ ಹಿಡಿದುಕೊಂಡು ಬರುವವರು ಅವರೊಬ್ಬರೇ. ನಮ್ಮ ಸಂಸ್ಥೆಯ ಕಂಪ್ಯೂಟರಿನಿಂದ ನಿಮ್ಮ ದೇಶಕ್ಕೆ ಒಂದಕ್ಷರ ಹೋಗುವಂತಿಲ್ಲ. ಅದಕ್ಕೇ ಈ ಕಾಗದ ಅವರ ಮೂಲಕ ಬರುತ್ತಿದೆ.

ಸ್ವಲ್ಪ ಕಾಳು ಕೊಡಬಲ್ಲಿರಾ?

ನಾನು ಬರೆದದ್ದು ಅಮ್ಮನಿಗೆ ಗೊತ್ತಿಲ್ಲ.

ನಿಮ್ಮ ಉತ್ತರ ಏನೇ ಇದ್ದರೂ ಕಾಯುವ,
ನಾದಿನಿ


ಮಾರ್ಚ್ ೨೯

ನಾದಿನಿಗೆ,

ಕಾಗದ ತಲುಪಿತು. ಎರಡು ಪುಟ ತುಂಬ ಕಾಳಿನ ಆರೋಗ್ಯ ವಿಚಾರಿಸಿದ್ದೀಯ. ನಿನ್ನ ಅಣ್ಣನ ಮಗಳು ಇದ್ದಾಳೋ ಇಲ್ಲವೋ ಎಂದು ಒಂದು ಸಾಲು ಕೇಳಿಲ್ಲ. ವಿಜ್ಞಾನಿ ಆಗಿದ್ದೀಯ, ಸಂತೋಷ.

ನೇರವಾಗಿ ಹೇಳುತ್ತೇನೆ. ಆಗುವುದಿಲ್ಲ. ಎರಡು ದೇಶಗಳ ಸಂಶೋಧನಾ ಒಪ್ಪಂದವನ್ನು ಮೇಲಿನವರು ತಡೆಹಿಡಿದಿದ್ದಾರೆ. ‘ಆ ಕಡೆ’ ಎಂಬ ಮಾತು ಬಂದರೆ ನಮ್ಮ ನಿರ್ದೇಶಕರು ಮೊದಲು ಕೋಣೆಯ ಬಾಗಿಲು ಹಾಕಿಸುತ್ತಾರೆ. ಭಾಷೆ ಒಂದೇ, ಬಾವುಟ ಎರಡು. ಈಗ ಲೆಕ್ಕಕ್ಕೆ ಬರುವುದು ಬಾವುಟ. ನನ್ನ ತೊಟ್ಟಿಯ ನೀರನ್ನು ನಂಬಿ ಇಲ್ಲಿ ಒಂದು ಆಸ್ಪತ್ರೆ ಇದೆ, ಊರ ಸುತ್ತ ಹಣ್ಣಿನ ತೋಟಗಳಿವೆ. ಅದರಿಂದ ಬಾಚಿ ಕೊಟ್ಟು ಬೇಸಿಗೆಯಲ್ಲಿ ಇವರಿಗೇನು ಹೇಳಲಿ?

ನಿನ್ನ ಅಮ್ಮನಿಗೆ ಗೊತ್ತಿಲ್ಲ ಎಂದು ಬರೆದಿದ್ದೀಯ. ಗೊತ್ತಿದ್ದರೆ ಬರೆಯಲು ಬಿಡುತ್ತಿದ್ದರೇ? ನಾನು ಹೊರಟ ದಿನ ಅವರು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಮಗು ಬಾಗಿಲು ಬಡಿದು ‘ಅಜ್ಜೀ’ ಅಂತು. ನೀನೂ ಅಲ್ಲೇ ಇದ್ದೆ.

ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿದಿರಾ? ಗೋಡೆಗೆ ಹಿಡಿದ ಬಣ್ಣ ಹೋಯಿತೇ? ನೀರು ಎಷ್ಟು ಬೆಚ್ಚಗಿದೆ? ಸುಮ್ಮನೆ ಕೇಳಿದೆ.

ಇಷ್ಟೇ,
ಅತ್ತಿಗೆ


ಏಪ್ರಿಲ್ ೧೭

ಅತ್ತಿಗೆಯವರಿಗೆ,

ಗುಬ್ಬಿ ಹೇಗಿದ್ದಾಳೆ? ಮೊದಲ ಕಾಗದದಲ್ಲಿ ಈ ಸಾಲನ್ನೇ ಮೊದಲು ಬರೆದೆ. ಕೇಳುವ ಹಕ್ಕು ಉಳಿದಿದೆಯೋ ಇಲ್ಲವೋ ತಿಳಿಯದೆ ಹೊಡೆದುಹಾಕಿ ಇನ್ನೊಂದು ಹಾಳೆ ತೆಗೆದುಕೊಂಡೆ. ಈಗ ಹದಿಮೂರು ದಾಟಿರಬೇಕು. ಅಣ್ಣನ ಹಾಗೆ ಎತ್ತರ ಆಗಿದ್ದಾಳೆಯೇ? ಈಗಲೂ ಎಡಗೈಯಲ್ಲೇ ಬರೆಯುತ್ತಾಳೆಯೇ?

ತೊಟ್ಟಿ ಖಾಲಿ ಮಾಡಿ ಮೂರು ಸಲ ತೊಳೆದೆವು. ಗೋಡೆಯ ಬಣ್ಣವನ್ನು ಕುಂಚದಿಂದ ಉಜ್ಜಿ ತೆಗೆದೆವು. ಕಾರ್ಖಾನೆ ಯಾವುದೆಂದು ಗೊತ್ತಾಗಿ ಅದರ ಚರಂಡಿಗೆ ಬೀಗ ಬಿದ್ದಿದೆ. ನೀರು ಮೈಗೆ ಹಿತವಾಗುವಷ್ಟು ಬೆಚ್ಚಗಿದೆ. ಹಸಿದವರು ಬಂದರೆ ಬಡಿಸಲು ಎಲ್ಲ ಸಿದ್ಧವಿದೆ, ಬರುವವರಿಲ್ಲ.

ನಮ್ಮ ಪಕ್ಕದ ಮನೆಯ ದರ್ಜಿಯವರ ನೆನಪಿದೆಯಲ್ಲ? ಅವರ ಮಗಳಿಗೆ ಹೆರಿಗೆಯಾಯಿತು, ಗಂಡು ಮಗು. ತಾಯಿಗೆ ಹಾಲಿಲ್ಲದೆ ಪುಡಿ ಹಾಲು ಕುಡಿಸುತ್ತಿದ್ದರು. ಹೋದ ವಾರ ಮಗುವಿನ ತುಟಿ, ಉಗುರು ನೀಲಿ ತಿರುಗಿದವು. ದರ್ಜಿಯವರು ಮಗುವನ್ನು ಎತ್ತಿಕೊಂಡು ನಮ್ಮ ಮನೆಗೇ ಓಡಿಬಂದರು. “ನೀರು ಚೆನ್ನಾಗಿ ಕುದಿಸಿದ್ವಲ್ಲಮ್ಮಾ, ಎರಡೆರಡು ಸಲ ಕುದಿಸಿದ್ವಿ” ಅನ್ನುತ್ತಾರೆ. ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ ಎಂದು ಅವರಿಗೆ ಹೇಗೆ ಹೇಳಲಿ? ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಹೇಳಿದೆ. ಅವರು ನನ್ನ ಮುಖ ನೋಡಿದರು. ಮಗು ಉಳಿಯಿತು. ಆಸ್ಪತ್ರೆಯಲ್ಲಿ ಅಂಥವು ಇನ್ನೂ ಎರಡಿವೆ. ಈಗ ಹಸುಗೂಸಿರುವ ಮನೆಗಳಿಗೆ ಹೊರಗಿನಿಂದ ಟ್ಯಾಂಕರ್ ನೀರು ಹಂಚುತ್ತಿದ್ದೇವೆ, ಸಿಕ್ಕ ದಿನ.

ಅಮ್ಮನಿಗೆ ಹೇಳಿದೆ. ಈ ಕಾಗದ ಶುರುಮಾಡಿದಾಗ ಅವಳು ಪಾತ್ರೆ ತೊಳೆಯುತ್ತಿದ್ದಳು.

“ಯಾರಿಗೆ ಬರೀತಿದ್ದೀಯ?”

“ಅತ್ತಿಗೆಗೆ.”

ನಲ್ಲಿ ನಿಂತಿತು. “ಯಾವ ಅತ್ತಿಗೆ?”

“ನಂಗಿರೋದು ಒಬ್ರೇ ಅತ್ತಿಗೆ, ಅಮ್ಮ.”

“ಮಗನ್ನ ಆ ಗುಂಡಿಗೆ ಇಳಿಸಿದ್ಲು. ಮೊಮ್ಮಗಳನ್ನ ಕಂಕುಳಲ್ಲಿ ಇಟ್ಕೊಂಡು ಹೋದ್ಲು. ಇನ್ನೇನು ಉಳಿದಿದೆ ಅಂತ ಕೇಳೋಕೆ ಹೊರಟಿದ್ದೀಯ?”

ನಾನು ದರ್ಜಿಯವರ ಮೊಮ್ಮಗನ ವಿಷಯ ಹೇಳಿದೆ. ಅವಳು ಮತ್ತೆ ನಲ್ಲಿ ತಿರುಗಿಸಿದಳು. ಅಣ್ಣ ಹೋದಂದಿನಿಂದ ಅಮ್ಮ ನಮ್ಮ ಘಟಕದಿಂದ ಇಂಗಿ ಬರುವ ಬಾವಿ ನೀರನ್ನು ಬಾಯಿಗೆ ಹಾಕಿಲ್ಲ, ಅತ್ತಿಗೆ. ಟ್ಯಾಂಕರಿನದನ್ನೇ ಕೊಡದಲ್ಲಿ ತಂದು ಕುಡಿಯುತ್ತಾಳೆ. ನಾನು ಅದೇ ಘಟಕ ನಡೆಸುತ್ತೇನೆ, ಅದೇ ಮನೆಯಲ್ಲಿ ಊಟ ಮಾಡುತ್ತೇನೆ. ಒಂದೇ ಮನೆ, ಎರಡು ಕೊಡ.

ಬೇರೇನೂ ಕೇಳುವುದಿಲ್ಲ. ಆಗದಿದ್ದರೆ ಆಗದು ಎಂದು ಇನ್ನೊಮ್ಮೆ ಬರೆಯಿರಿ, ಸಾಕು.

ಗುಬ್ಬಿಯ ಅತ್ತೆ


ಮೇ ೧೧

ನಾದಿನಿಗೆ,

ಅವಳನ್ನು ಗುಬ್ಬಿ ಎಂದರೆ ಈಗ ಕೋಪ. ನನ್ನ ಕಿವಿಯವರೆಗೆ ಬಂದಿದ್ದಾಳೆ, ಬರುವ ವರ್ಷ ನಾನೇ ತಲೆ ಎತ್ತಿ ಬೈಯಬೇಕು. ಎಡಗೈಯೇ. ಗಣಿತ ಅಂದರೆ ಆಗದು, ಆ ವಿಷಯದಲ್ಲಿ ನನ್ನ ರಕ್ತವೂ ನಿನ್ನ ಅಣ್ಣನ ರಕ್ತವೂ ಸೋತಿವೆ.

ಮಗು ನೀಲಿ ತಿರುಗಿದ್ದನ್ನು ಓದಿದ ಮೇಲೆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಿದೆ. ಆಮೇಲೆ ಅರ್ಜಿ ಹಾಕಿದೆ.

ಗಡಿ ಕಚೇರಿಯ ಅಧಿಕಾರಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಅಮ್ಮಾ, ಇಲ್ಲಿಂದ ಚಿನ್ನ ಸಾಗಿಸೋರನ್ನ ನೋಡಿದ್ದೀನಿ, ಔಷಧಿ ಸಾಗಿಸೋರನ್ನ ನೋಡಿದ್ದೀನಿ. ಚರಂಡಿ ಕೆಸರು ಸಾಗಿಸ್ತೀನಿ ಅಂತ ಅರ್ಜಿ ಕೊಟ್ಟೋರು ನೀವೇ ಮೊದಲು” ಅಂದರು. ಆಮೇಲೆ ದನಿ ತಗ್ಗಿಸಿ, ಆ ಕಡೆಯಲ್ಲಿ ತಮ್ಮ ಸೋದರತ್ತೆ ಇದ್ದಾರೆ, ಅವರ ಬಾವಿ ನಿಮ್ಮ ಊರಿನದ್ದೇ ಇರಬಹುದೇ ಎಂದು ಕೇಳಿದರು. ಗೊತ್ತಿಲ್ಲ ಅಂದೆ. ಅರ್ಜಿ ತಿರಸ್ಕಾರವಾಯಿತು, ಆದರೆ ತಿರಸ್ಕರಿಸಿದ ಹಾಳೆಯ ಜೊತೆ ಒಂದು ಉಪಾಯವನ್ನೂ ಬಾಯಿಮಾತಿನಲ್ಲಿ ಕೊಟ್ಟರು. ಮೂರನೆಯ ದೇಶದ ಸಂಶೋಧನಾ ಮಾದರಿಯಾದರೆ ತಡೆಯುವ ನಿಯಮವಿಲ್ಲವಂತೆ.

ಕೊಡೆ ಮೇಷ್ಟ್ರಿಗೆ ತಿಳಿಸಿದೆ. ಅವರು ತಮ್ಮ ಸಂಸ್ಥೆಯ ಮೊಹರು ಒತ್ತಿ ಕಳಿಸಿದ್ದಾರೆ. ಕಾಗದದ ಮೇಲೆ ಕಾಳುಗಳು ಈಗ ಅವರ ದೇಶದ ಪ್ರಜೆಗಳು, ನಮ್ಮಿಬ್ಬರಲ್ಲಿ ಯಾರಿಗೂ ಸೇರಿದವಲ್ಲ.

ಕಷ್ಟವಾದದ್ದು ಅದಲ್ಲ. ನಿಮ್ಮ ತೊಟ್ಟಿ ಬೇಗ ಏಳಬೇಕಾದರೆ ಒಂದು ಹಿಡಿ ಕಾಳು ಸಾಲದು, ನಮ್ಮದರಲ್ಲಿ ಅರ್ಧ ಬೇಕು. ಘಟಕದವರನ್ನೆಲ್ಲ ಕೂರಿಸಿ ಹೇಳಿದೆ. ನಮ್ಮ ಹಿರಿಯ ಎಂಜಿನಿಯರು ಎದ್ದು ನಿಂತರು. “ಹೆಪ್ಪು ಕೇಳೋಕೆ ಬಂದೋರಿಗೆ ಪಾತ್ರೇನೇ ಎತ್ತಿಕೊಡ್ತೀರಾ? ಅದೂ ಅವರಿಗೆ?” ಅವರ ತಮ್ಮ ಗಡಿಯ ಜಗಳದಲ್ಲಿ ಕಾಲು ಕಳೆದುಕೊಂಡವನು. ಅವರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಮೂರು ದಿನ ಅವರು ನನ್ನ ಜೊತೆ ಮಾತು ಬಿಟ್ಟರು. ನಾಲ್ಕನೆಯ ದಿನ ತೋಟಗಳಿಗೆ ಹೋಗಿ, ಎರಡು ತಿಂಗಳು ನೀರು ಕಡಿಮೆ ಬರುತ್ತದೆ, ಎಳೆಯ ಗಿಡ ಉಳಿಸಿಕೊಳ್ಳಿ ಎಂದು ತಾವೇ ಹೇಳಿ ಬಂದರು. ನನಗೆ ತಿಳಿಸಿದ್ದು ತೋಟದವರು.

ಇನ್ನು ನನ್ನದೊಂದು ಮಾತು. ಇದನ್ನು ಷರತ್ತು ಎಂದೇ ತಿಳಿ. ಮಗಳು ಮೊನ್ನೆ ಕೇಳಿದಳು: “ಅಪ್ಪನ ಕಡೆಯೋರು ಯಾರೂ ಇಲ್ವಾ ನಂಗೆ?” ಇದ್ದಾರೆ ಅಂದೆ. “ಮತ್ತೆ ಯಾಕೆ ಇಲ್ಲ?” ಅಂದಳು. ನಿನ್ನ ಅಮ್ಮ ಅವಳಿಗೆ ತಮ್ಮ ಕೈಯಾರೆ ಒಂದು ಕಾಗದ ಬರೆಯಲಿ. ಅದು ಬಂದ ದಿನ ನಾಲ್ಕು ದೊಡ್ಡ ಡಬ್ಬಿಗಳು ಹೊರಡುತ್ತವೆ.

ಅತ್ತಿಗೆ


ಮೇ ೩೦

ಸೊಸೆಗೆ,

ನೀನು ಬರೆದದ್ದನ್ನು ಮಗಳು ನನಗೆ ಓದಿ ಹೇಳಿದಳು. ಷರತ್ತಿನವರೆಗೂ ಓದಿ ಸುಮ್ಮನಾದಳು. ಕಸಿದುಕೊಂಡು ಉಳಿದದ್ದನ್ನು ನಾನೇ ಓದಿದೆ.

ನಾನು ಒಪ್ಪುವುದಿಲ್ಲ. ನಾಳೆ ಆ ಹುಡುಗಿ ದೊಡ್ಡವಳಾಗಿ, ಅಜ್ಜಿ ನನಗೆ ಯಾಕೆ ಕಾಗದ ಬರೆದಳು ಎಂದು ಕೇಳಿದರೆ ಏನು ಹೇಳುತ್ತೀಯ? ನಾಲ್ಕು ಡಬ್ಬಿ ಕೆಸರಿಗಾಗಿ ಬರೆದಳು ಅನ್ನುತ್ತೀಯಾ? ಎಂಟು ವರ್ಷ ಸುಮ್ಮನಿದ್ದವಳು ನಾನು. ನನ್ನ ಮೌನಕ್ಕೆ ಏನು ಬೇಕಾದರೂ ಅನ್ನು, ಕೇಳಿಸಿಕೊಳ್ಳುತ್ತೇನೆ. ಆದರೆ ನನ್ನ ಮೊದಲ ಮಾತನ್ನು ವಿನಿಮಯಕ್ಕೆ ಇಡಬೇಡ.

ಕೊಡುವ ಮನಸ್ಸಿದ್ದರೆ ದರ್ಜಿಯವರ ಕೂಸು ಬದುಕಲಿ ಎಂದು ಕೊಡು. ಇಲ್ಲದಿದ್ದರೆ ಬಿಡು. ನನ್ನ ಮೊಮ್ಮಗಳಿಗೆ ಬರೆಯುವುದು ನನಗೆ ಬರೆಯಲು ಬಂದಾಗ.

ನಾನು ನಿನ್ನನ್ನು ಕೇಳಬೇಕಾದದ್ದು ಒಂದೇ ಇದೆ. ಅವತ್ತು ನೀನು ಅಲ್ಲಿದ್ದೆ, ನಾನಿರಲಿಲ್ಲ. ಅವನು ಇಳಿಯುವ ಮೊದಲು ಏನಂದ? ಎಂಟು ವರ್ಷ ಕೇಳಲಿಲ್ಲ. ನೀನು ಹೇಳುವುದಿಲ್ಲ ಎಂದಲ್ಲ, ಕೇಳಿದರೆ ಹೇಳಿಬಿಡುತ್ತೀಯ ಎಂದು ಹೆದರಿ ಕೇಳಲಿಲ್ಲ. ಈಗ ವಯಸ್ಸಾಯಿತು. ಹೆದರಿಕೊಂಡೇ ಹೋಗುವುದು ಬೇಡ ಅನಿಸುತ್ತದೆ.

ನಿನ್ನ ಅತ್ತೆ


ಜೂನ್ ೨೦

ಪೂಜ್ಯ ಅತ್ತೆಯವರಿಗೆ,

ನಮಸ್ಕಾರ. ಡಬ್ಬಿಗಳು ನಾಳೆ ಹೊರಡುತ್ತವೆ. ಷರತ್ತು ಹಾಕಿದ್ದು ತಪ್ಪಾಯಿತು. ನೀವು ಬೈದದ್ದನ್ನು ಓದಿ ಯಾಕೋ ಮೈ ಹಗುರಾಯಿತು. ನಿಮ್ಮ ಮನೆಗೆ ಬಂದ ಹೊಸದರಲ್ಲಿ ನೀವು ಬೈದ ದಿನವೇ ನಾನು ಆ ಮನೆಯವಳು ಅನಿಸಿದ್ದು.

ನೀವು ಕೇಳಿದ್ದನ್ನು ಹೇಳುತ್ತೇನೆ.

ಪಂಪಿನ ಗುಂಡಿಯಲ್ಲಿ ಪಂಪಿನವನು ವಿಷಗಾಳಿಗೆ ಸಿಕ್ಕಿ ಬಿದ್ದಿದ್ದ. ಮೇಲಿನಿಂದ ಅವನ ಬೆನ್ನು ಕಾಣುತ್ತಿತ್ತು. ಗಾಳಿಯ ಮುಖವಾಡ ಶೆಡ್ಡಿನಲ್ಲಿತ್ತು, ತರಲು ಒಬ್ಬರು ಓಡಿದ್ದರು. ಇವರು ಕಾಯಲಿಲ್ಲ. ನಾನು ಇಳಿ ಅನ್ನಲಿಲ್ಲ ಅತ್ತೆ. ಬೇಡ ಅಂದೆ, ಅಂಗಿ ಹಿಡಿದು ಎಳೆದೆ. ಅಂಗಿಯ ಗುಂಡಿ ಕಿತ್ತು ನನ್ನ ಕೈಗೆ ಬಂತು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ತುದಿಯನ್ನು ನನ್ನ ಕೈಗೂ ಇನ್ನಿಬ್ಬರ ಕೈಗೂ ಕೊಟ್ಟರು. ನನ್ನ ಮುಖ ನೋಡಿ “ಇರು, ಬಂದೆ” ಅಂದರು.

ಅಷ್ಟೇ. ಬೇರೆ ಮಾತಿಲ್ಲ. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅಂದರೆ ನೀವು ಗದರುತ್ತಿದ್ದಿರಂತೆ, ‘ಬರ್ತೀನಿ ಅನ್ನು’ ಎಂದು. ಕೊನೆಗೂ ನೀವು ಕಲಿಸಿದಂತೆಯೇ ಅಂದರು.

ಹಗ್ಗ ಎರಡು ಸಲ ಜಗ್ಗಿತು. ಎಳೆಯಿರಿ ಎಂದು ಅರ್ಥ. ಮೂವರೂ ಎಳೆದೆವು. ಭಾರ ಮೇಲೆ ಬರುತ್ತಿತ್ತು, ನಾನು ಅಳುತ್ತ ಬೈಯುತ್ತ ಎಳೆಯುತ್ತಿದ್ದೆ. ಮೇಲೆ ಬಂದದ್ದು ಪಂಪಿನವನು. ತಮ್ಮ ಸೊಂಟದ ಹಗ್ಗ ಬಿಚ್ಚಿ ಅವನಿಗೆ ಕಟ್ಟಿದ್ದರು. ಮುಖವಾಡ ಹಾಕಿಕೊಂಡವರು ಇಳಿಯುವಷ್ಟರಲ್ಲಿ ಮುಗಿದಿತ್ತು.

ಆ ಮನೆಯಲ್ಲಿ ಇರಲಾಗದೆ ಹೊರಟೆ, ನಿಮ್ಮ ಮೇಲಿನ ಸಿಟ್ಟಿಗಲ್ಲ. ಬಾಗಿಲ ಸದ್ದಾದಾಗಲೆಲ್ಲ ನಾನೂ ನೀವೂ ಒಟ್ಟಿಗೆ ತಲೆ ಎತ್ತುತ್ತಿದ್ದೆವು. ಒಬ್ಬರ ಮುಖದಲ್ಲಿ ಇನ್ನೊಬ್ಬರು ಅದನ್ನು ನೋಡುವುದು ನನ್ನಿಂದಾಗಲಿಲ್ಲ.

ನಿಮ್ಮ ಸೊಸೆ


ಸೆಪ್ಟೆಂಬರ್ ೧೪

ಅತ್ತಿಗೆ,

ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಿ. ಕಾಳು ಹಿಡಿಯುತ್ತದೋ ಇಲ್ಲವೋ ಗೊತ್ತಾಗದೆ ಏನು ಬರೆಯಲಿ ಎಂದು ಕಾದೆ.

ಸೇತುವೆಯ ನಮ್ಮ ತುದಿಯಲ್ಲಿ ನಾನು ಬೆಳಿಗ್ಗೆಯಿಂದ ನಿಂತಿದ್ದೆ. ಆ ತುದಿಗೆ ಬಿಳಿ ವ್ಯಾನು ಬಂತು, ನೀವು ಇಳಿದದ್ದು ಕಂಡಿತು. ಕೈ ಎತ್ತಿದೆ. ನೀವೂ ಎತ್ತಿದಿರಿ. ನನಗಾಗಿ ಎತ್ತಿದಿರೋ ಬಿಸಿಲಿಗೆ ಅಡ್ಡ ಹಿಡಿದಿರೋ ತಿಳಿಯಲಿಲ್ಲ. ನನಗೆಂದೇ ತಿಳಿದುಕೊಂಡಿದ್ದೇನೆ.

ನಮ್ಮ ಕಡೆಯ ಕಾವಲಿನವರು ಮೊಹರು ನೋಡಿಯೂ ಒಪ್ಪಲಿಲ್ಲ. ಗಾಳಿ ಆಡಿದರೆ ಕೆಡುತ್ತದೆ ಎಂದು ಎಷ್ಟು ಹೇಳಿದರೂ ಕೇಳದೆ ಒಂದು ಡಬ್ಬಿಯ ಮುಚ್ಚಳ ಬಿಚ್ಚಿಸಿದರು. ಬಗ್ಗಿ ನೋಡಿದ ದೊಡ್ಡ ಮೀಸೆಯವರು ಮೂಗು ಹಿಡಿದುಕೊಂಡು ಹಿಂದಕ್ಕೆ ಹಾರಿದರು. “ಮುಚ್ಚಮ್ಮಾ, ಮುಚ್ಚು! ಇದನ್ನ ಕದಿಯೋಕೆ ಯಾವ ಗೂಢಚಾರ ಬರ್ತಾನೆ?” ಮಿಕ್ಕವು ಹಾಗೇ ದಾಟಿದವು. ಆದರೆ ಬಿಚ್ಚಿದ ಡಬ್ಬಿಯನ್ನು ಕಾಗದಪತ್ರದ ಕೆಲಸ ಮುಗಿಯುವವರೆಗೆ ಬಿಸಿಲಿನಲ್ಲೇ ಇಟ್ಟಿದ್ದರು. ಅದು ಉಳಿಯಲಿಲ್ಲ. ನಿಮ್ಮ ತೋಟಗಳ ನೀರು ಅದು. ನಿಮ್ಮ ಹಿರಿಯ ಎಂಜಿನಿಯರಿಗೆ ಹೇಗೆ ಹೇಳುತ್ತೀರೋ, ನನಗೆ ನಾಚಿಕೆಯಾಗುತ್ತದೆ.

ಉಳಿದ ಮೂರನ್ನು ತೊಟ್ಟಿಗೆ ಬಿಟ್ಟೆವು. ವಾರಗಟ್ಟಲೆ ಏನೂ ಇಲ್ಲ. ಕಾಳು ತಳದಲ್ಲಿ ಮಂಕಾಗಿ ಕೂತಿದ್ದವು. ನಾವು ದಿನಕ್ಕೆ ಹತ್ತು ಸಲ ಹೋಗಿ ಇಣುಕುತ್ತಿದ್ದೆವು. ಆಗಸ್ಟಿನ ಒಂದು ಬೆಳಿಗ್ಗೆ ಪಂಪಿನವನು ನನ್ನನ್ನು ಕೂಗಿದ. ಅವನು ಈಗಲೂ ಇಲ್ಲೇ ಇದ್ದಾನೆ, ತೊಟ್ಟಿ ಅವನದೇ ಸುಪರ್ದಿ. ಮೂಲೆಯಲ್ಲಿ ಗುಳ್ಳೆ ಏಳುತ್ತಿದ್ದವು, ಒಂದರ ಹಿಂದೊಂದು. ಈಗ ತೊಟ್ಟಿಯ ಅರ್ಧ ಕೆಂಪಾಗಿದೆ. ಬಾವಿಗಳ ನೈಟ್ರೇಟ್ ಇಳಿಮುಖವಾಗಿದೆ. ಕೂಸುಗಳಿಗೆ ಕೊಡುವಷ್ಟು ಇನ್ನೂ ಇಳಿದಿಲ್ಲ. ದರ್ಜಿಯವರ ಮೊಮ್ಮಗ ಮಗುಚಿಕೊಳ್ಳುತ್ತಾನೆ, ಹೊಲಿಗೆ ಯಂತ್ರದ ಸದ್ದಿಲ್ಲದಿದ್ದರೆ ಮಲಗುವುದಿಲ್ಲವಂತೆ.

ಅಮ್ಮನಿಗೆ ನೀವು ಬರೆದದ್ದನ್ನು ಅವಳೇ ಓದಿಕೊಂಡಳು. ಓದಿ ಮಡಚಿದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಂಟು ವರ್ಷದಲ್ಲಿ ಅಮ್ಮ ಅತ್ತದ್ದನ್ನು ನಾನು ಕೇಳಿರಲಿಲ್ಲ. ಅವತ್ತು ಕೇಳಿದೆ. ಗುಳ್ಳೆ ಎದ್ದ ಸುದ್ದಿ ಹೇಳಿದ ದಿನ ಸೀರೆಯ ಸೆರಗು ಸರಿಮಾಡಿಕೊಂಡು “ನಡಿ, ನೋಡ್ಕೊಂಡು ಬರೋಣ” ಅಂದಳು. ಇಬ್ಬರೂ ಘಟಕಕ್ಕೆ ಹೊರಟೆವು.

ಅಣ್ಣ ಹೋದ ದಿನ ಬಂದಾಗಲೆಲ್ಲ ಪಂಪಿನವನು ನಮ್ಮ ಬೀದಿಯ ತುದಿಗೆ ಬರುತ್ತಾನೆ. ಸ್ವಲ್ಪ ಹೊತ್ತು ನಿಂತು ವಾಪಸು ಹೋಗುತ್ತಾನೆ. ಅಮ್ಮ ಕಿಟಕಿಯಿಂದ ನೋಡಿ ಪರದೆ ಎಳೆಯುತ್ತಾಳೆ. ಇದು ನಿಮಗೆ ಗೊತ್ತಿಲ್ಲ. ಅವತ್ತು ಘಟಕದಲ್ಲಿ ಅಮ್ಮನನ್ನು ಕಂಡವನೇ ಅವನು ಕೈಯಲ್ಲಿದ್ದ ಕೊಳವೆ ಕೆಳಗೆ ಹಾಕಿ, ನಿಂತಲ್ಲೇ ನಿಂತ. ಅಮ್ಮ ನೇರವಾಗಿ ಅವನ ಎದುರಿಗೆ ಹೋದಳು.

“ನಿಂಗೆ ಈಗ ವಯಸ್ಸೆಷ್ಟು?”

“ನಲವತ್ತೆರಡಮ್ಮ.”

“ಅವನಿಗೆ ನಲವತ್ತೊಂದಾಗ್ತಿತ್ತು.” ಅಮ್ಮ ತೊಟ್ಟಿಯ ಕಡೆ ನೋಡಿದಳು. “ಗುಂಡಿಗೆ ಇಳಿಯೋವಾಗ ಹಗ್ಗ, ಮುಖವಾಡ ಎಲ್ಲ ಕಟ್ಕೋತೀಯಾ ಈಗ?”

“ಈಗ ಯಾರೂ ಇಳಿಯಲ್ಲಮ್ಮ. ಅವತ್ತಿಂದ ಪಂಪನ್ನೇ ಮೇಲಕ್ಕೆ ಎತ್ತಿ ರಿಪೇರಿ ಮಾಡ್ತೀವಿ. ಸರಪಳಿ ಹಾಕಿದ್ದಾರೆ.”

“ಯಾರೂ ಇಳಿಯಲ್ವಾ?”

“ಯಾರೂ ಇಲ್ಲಮ್ಮ.”

ಅಮ್ಮ ಆ ಸರಪಳಿಯ ಹತ್ತಿರ ಹೋಗಿ ಒಂದು ಕೊಂಡಿಯನ್ನು ಹಿಡಿದು ನೋಡಿದಳು, ಗಟ್ಟಿಯಿದೆಯೇ ಎಂದು ಪರೀಕ್ಷಿಸುವವಳ ಹಾಗೆ. ತಿರುಗಿ ಬಂದಾಗ ಅವನು ಇನ್ನೂ ತಲೆ ಬಗ್ಗಿಸಿಕೊಂಡೇ ಇದ್ದ. “ಇನ್ಮೇಲೆ ಬೀದಿ ತುದೀಲಿ ನಿಲ್ಬೇಡ” ಅಂದಳು. “ಮನೆಗೆ ಬಾ.”

ಇದನ್ನು ಓದಿ ಅಮ್ಮ ಬದಲಾಗಿದ್ದಾಳೆ ಎಂದುಕೊಳ್ಳಬೇಡಿ. ಟ್ಯಾಂಕರ್ ಬಂದರೆ ಈಗಲೂ ಕೊಡ ಹಿಡಿದು ಹೊರಡುತ್ತಾಳೆ.

ಗಡಿಯಲ್ಲಿ ಮತ್ತೆ ಬಿಗಿ ಮಾಡುತ್ತಾರಂತೆ. ಮೇಷ್ಟ್ರ ಮೂಲಕವೂ ಟಪಾಲು ನಿಲ್ಲಬಹುದು ಎಂದು ಸುದ್ದಿ. ಅದಕ್ಕೇ ಇದನ್ನು ಇವತ್ತೇ ಕಳಿಸುತ್ತಿದ್ದೇನೆ. ಒಳಗೆ ಇನ್ನೊಂದು ಲಕೋಟೆ ಇದೆ, ಅಂಟಿಸಿದ್ದು. ಅಮ್ಮ ಒಂದು ತಿಂಗಳಿನಿಂದ ಬರೆಯುತ್ತಿದ್ದಳು. ಬರೆಯುವಾಗ ನಾನು ಕೋಣೆಗೆ ಹೋದರೆ ಹಾಳೆಯ ಮೇಲೆ ಕೈ ಅಡ್ಡ ಇಡುತ್ತಿದ್ದಳು. ಏನಿದೆ ಎಂದು ನನಗೆ ಗೊತ್ತಿಲ್ಲ. ನೀವೂ ತೆರೆಯಬೇಡಿ. ನಿಮ್ಮ ಮಗಳ ಕೈಗೆ ಕೊಟ್ಟು, ಅವಳು ಓದುವಷ್ಟು ಹೊತ್ತು ಬೇರೆ ಕೋಣೆಯಲ್ಲಿರಿ.

ನಿಮ್ಮವಳೇ ಆದ,
ನಾದಿನಿ